ಹನ್ನೊಂದು ಮುಳುಗು

ನವೆಂಬರ್ 9, ಭಾನುವಾರ

ಈ ಡೈರಿ ಜನವರಿಯಿಂದ ಅಕ್ಕಿ ಡಬ್ಬದ ಮೇಲೆ ಖಾಲಿ ಕೂತಿತ್ತು. ಗದಗಿನ ಕಡೆಯ ಯಾತ್ರಿಕರೊಬ್ಬರು ಕೊಟ್ಟು ಹೋದದ್ದು. ರಟ್ಟಿನ ಮೇಲೆ ಯಾವುದೋ ಸಹಕಾರ ಸಂಘದ ಅಧ್ಯಕ್ಷರ ನಗುಮುಖವಿದೆ. ಹತ್ತು ತಿಂಗಳು ಇದನ್ನು ಮುಟ್ಟದವಳು ಈಗ ಯಾಕೆ ಬರೆಯಲು ಕೂತೆನೆಂದರೆ, ಮನೆಯಲ್ಲಿ ಮಾತಾಡುವವರಿಲ್ಲ. ಇವರೇನೋ ಇದ್ದಾರೆ, ಆದರೆ ಮಾತು ಬಿಟ್ಟಿದ್ದಾರೆ. ಅಧ್ಯಕ್ಷರಾದರೂ ನಗುತ್ತಿದ್ದಾರಲ್ಲ ಎಂದು ಅವರನ್ನೇ ಹಿಡಿದುಕೊಂಡೆ.

ಇವರು ಅಂದರೆ ನನ್ನ ಯಜಮಾನರು, ಶೇಷಗಿರಿ ಆಚಾರ್ಯರು. ಕಾಶಿಯ ಕೇದಾರ ಘಾಟಿನಲ್ಲಿ ಕನ್ನಡದ ಯಾತ್ರಿಕರಿಗೆ ಸ್ನಾನ, ಸಂಕಲ್ಪ, ಶ್ರಾದ್ಧ ಮಾಡಿಸುತ್ತ ನಲವತ್ತೈದು ವರ್ಷ ಕಳೆದವರು. ಯಾರೇ ಬರಲಿ, ಮೊದಲು ಹೇಳುತ್ತಿದ್ದ ಮಾತು ಒಂದೇ: "ಜೋಪಾನ, ಮೆಟ್ಟಿಲ ಮೇಲೆ ಪಾಚಿ ಇದೆ." ಈ ಸಲ ಪಿತೃಪಕ್ಷದಲ್ಲಿ, ಹಾವೇರಿಯಿಂದ ಬಂದ ಇಪ್ಪತ್ತೆರಡು ಜನರ ಎದುರಿಗೆ, ಆ ಮಾತು ಬಾಯಲ್ಲಿರುವಾಗಲೇ ಜಾರಿದರು. "ಪಾಚಿ" ಎಂಬುದು ಮೇಲಿನ ಮೆಟ್ಟಿಲಲ್ಲಿ, "ಇದೆ" ಎಂಬುದು ನಾಲ್ಕು ಮೆಟ್ಟಿಲು ಕೆಳಗೆ. ಯಾರೋ ಒಬ್ಬರು ಕಿಸಕ್ಕನೆ ನಕ್ಕರಂತೆ. ಕಾಲಿನ ಮೂಳೆ ಮುರಿದದ್ದಕ್ಕಿಂತ ಆ ನಗು ಇವರಿಗೆ ಹೆಚ್ಚು ಪೆಟ್ಟು ಮಾಡಿದೆ.

ಪ್ಲಾಸ್ಟರ್ ಬಿಚ್ಚಿ ಹತ್ತು ದಿನವಾಯಿತು. ಡಾಕ್ಟರ್ ಮಿಶ್ರಾ ಇವತ್ತು ನನ್ನನ್ನು ಬಾಗಿಲ ಹತ್ತಿರ ಕರೆದು ಹೇಳಿದರು, ಮೂಳೆ ಚೆನ್ನಾಗಿ ಕೂಡಿದೆ, ಈ ವರ್ಷ ಮುಗಿಯುವುದರೊಳಗೆ ಮೆಟ್ಟಿಲು ಹತ್ತಿ ಇಳಿಯಲು ಶುರು ಮಾಡದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ಯಾರಿಂದಲೂ ಏನೂ ಆಗದು ಎಂದು. ಇವರಿಗೂ ಅದು ಕೇಳಿಸಿತು. ನನಗೆ ಸನ್ನೆ ಮಾಡಿ ಮಂಚ ತಿರುಗಿಸಿಕೊಂಡು ಗಂಗೆಯ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂತರು. ನನಗೆ ಭಯವಾಗುತ್ತಿದೆ. ಅಧ್ಯಕ್ಷರೇ, ನೀವು ನಗುತ್ತಿರಿ.

ನವೆಂಬರ್ 11, ಮಂಗಳವಾರ

ಇವತ್ತು ಬರೆಯುವುದು ಬಹಳ ಇದೆ.

ಹರಿಪ್ರಿಯಾ ಬಂದಿದ್ದಳು. ನನ್ನ ಮೈದುನ ಬದರಿಯ ಮಗಳು, ಮೇಲಿನ ಮಹಡಿಯಲ್ಲೇ ಇರುವವಳು. ನಮಗೆ ಮಕ್ಕಳಿಲ್ಲ. ಇವಳು ಎರಡು ಮನೆಯಲ್ಲೂ ಉಂಡು ಬೆಳೆದಳು, ಅದಕ್ಕೇ ಎರಡು ಮನೆಯವರನ್ನೂ ಗದರಿಸುತ್ತಾಳೆ. ಅಸ್ಸಿ ಘಾಟಿನ ಹತ್ತಿರ ಏನೋ ಕಂಪ್ಯೂಟರಿನ ಆಫೀಸು. ಅಲ್ಲಿ ಹೊಸದೊಂದು ಆಪ್ ಮಾಡುತ್ತಿದ್ದಾರಂತೆ.

"ದೊಡ್ಡಮ್ಮಾ, ಜರಾ ಇದು ನೋಡಿ ನಾ. ಘಾಟ್ ಮೇಲೆ ನಿಂತ್ಕೊಂಡು ಫೋನ್ ಎತ್ತಿ ಹಿಡಿದ್ರೆ, ಎದುರಿಗಿರೋ ಮೆಟ್ಟಿಲು ಫೋನಲ್ಲಿ ಕಾಣ್ಸತ್ತೆ. ಆ ಮೆಟ್ಟಿಲ ಮೇಲೆ ಯಾವ ಸಿನಿಮಾ ಶೂಟಿಂಗ್ ಆಗಿತ್ತೋ ಅದರ ಜನಾನೂ ಕಾಣ್ಸತಾರೆ. ಅದೇ ಜಗಹ, ಅದೇ ಸೈಜ್. ಸಚ್ಚೀ ಅಲ್ಲೇ ನಿಂತ ಹಾಗೆ."

"ಸತ್ತವರೂ?"

"ಎಲ್ಲರೂ."

ಕಾಶಿಯಲ್ಲಿ ಸತ್ತವರಿಗೆ ಮುಕ್ತಿ ಎಂದು ನಾವು ಯಾತ್ರಿಕರಿಗೆ ಹೇಳುತ್ತೇವೆ. ಈ ಆಪಿನವರು ವಾಪಸ್ ಕರೆದು ಮೆಟ್ಟಿಲ ಮೇಲೆ ನಿಲ್ಲಿಸುತ್ತಾರಂತೆ. ಇರಲಿ. ನಾನು ಕೂಡಲೇ ಕೇಳಿದೆ, ಕೇದಾರ ಘಾಟಿನಲ್ಲಿ ತೆಗೆದ ಕನ್ನಡ ಸಿನಿಮಾ ಇದೆಯೇ ಎಂದು. ಹುಡುಕುತ್ತಿದ್ದೇವೆ, ಬೆಂಗಳೂರಿನ ಒಬ್ಬರು ಹಳೆಯ ರೀಲುಗಳನ್ನು ಕೂಡಿಟ್ಟಿದ್ದಾರೆ, ಅವರನ್ನು ಕೇಳಿದ್ದೇವೆ ಎಂದಳು.

"ಸಿಕ್ಕರೆ ಅದರಲ್ಲಿ ನಾನಿದೀನಿ," ಎಂದೆ.

"ಇವಳಿಲ್ಲ," ಎಂದು ಮಂಚದ ಕಡೆಯಿಂದ ದನಿ ಬಂತು.

ಮೂರು ದಿನಕ್ಕೆ ಮೊದಲ ಮಾತು! ಈ ತಮಾಷೆಗೆ ನಲವತ್ತು ವರ್ಷ ವಯಸ್ಸು. ನಾನು ಇದ್ದೇನೆ ಎನ್ನುವುದು, ಇವರು ಇಲ್ಲ ಎನ್ನುವುದು. ಆ ಸಿನಿಮಾ ನಮ್ಮ ಊರಿಗೆ ಬರಲೇ ಇಲ್ಲ, ಬೇರೆ ಊರುಗಳಲ್ಲೂ ಒಂದು ವಾರ ಓಡಲಿಲ್ಲವಂತೆ.

ಹರಿಪ್ರಿಯಾ ಕತೆ ಹೇಳಿ ಎಂದು ಕೂತಳು. ಹೇಳಿದೆ. ಇಲ್ಲೂ ಬರೆದಿಡುತ್ತೇನೆ, ನಾಳೆ ನಾನು ಮರೆತರೆ ಅಧ್ಯಕ್ಷರಿಗಾದರೂ ನೆನಪಿರಲಿ.

ಎಂಬತ್ತೈದನೇ ಇಸವಿ, ಡಿಸೆಂಬರ್. ನಂಜನಗೂಡಿನಿಂದ ಮದುವೆಯಾಗಿ ಬಂದು ಐದು ತಿಂಗಳು, ನನಗೆ ಇಪ್ಪತ್ತು. ಬೆಳಿಗ್ಗೆ ಗಂಗೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ದೇವರ ಅಡುಗೆಗೆ ಕೊಡ ತುಂಬಿ ತರಬೇಕು. ಅದು ಮಡಿ. ದಾರಿಯಲ್ಲಿ ಯಾರಾದರೂ ಮುಟ್ಟಿದರೆ ನೀರು ಚೆಲ್ಲಿ, ಮತ್ತೆ ಮುಳುಗಿ, ಮತ್ತೆ ತುಂಬಬೇಕು. ಅವತ್ತು ಘಾಟಿನಲ್ಲಿ ಶೂಟಿಂಗು. ನಾನು ಕೊಡ ಹೊತ್ತು ಹತ್ತುತ್ತಿದ್ದೆ. ಕೆಂಪು ಸ್ವೆಟರಿನ ಒಬ್ಬರು ಓಡಿ ಬಂದು ನನ್ನ ಮೊಣಕೈ ಹಿಡಿದು, "ಅಮ್ಮಾ, ಬಹಳ ಚೆನ್ನಾಗಿ ಬರ್ತಿದೆ, ಸ್ವಲ್ಪ ಈ ಕಡೆಯಿಂದ ಹತ್ತಿ," ಎಂದರು. ಮಡಿ ಹೋಯಿತು. ಹೊಸ ಸೊಸೆ, ಪರಗಂಡಸಿನ ಹತ್ತಿರ ಮಾತಾಡುವ ಹಾಗಿಲ್ಲ, ಮೇಲಿನ ಕಿಟಕಿಯಲ್ಲಿ ಅತ್ತೆಯವರ ಕಣ್ಣು. ಸುಮ್ಮನೆ ಇಳಿದು ನೀರು ಚೆಲ್ಲಿ ಮುಳುಗಿ ಬಂದೆ. ನಾನು ಮತ್ತೊಮ್ಮೆ ನಟಿಸಲು ಒಪ್ಪಿದೆ ಎಂದು ಅವರು ತಿಳಿದುಕೊಂಡರು. ಸಂತೋಷದಿಂದ ಮತ್ತೆ ಮೊಣಕೈ ಹಿಡಿದು, "ಇನ್ನೊಂದು ಸಲ ಅಮ್ಮಾ," ಎಂದರು. ಮತ್ತೆ ಇಳಿದೆ.

ಹೀಗೆ ಹನ್ನೊಂದು ಸಲ. ಆ ಚಳಿಯಲ್ಲಿ ಹನ್ನೊಂದು ಮುಳುಗು. ಕೊನೆಗೆ ಡೈರೆಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು, "ಎಂಥ ಶ್ರದ್ಧೆ!" ಎಂದು. ಮಧ್ಯಾಹ್ನ ಇವರು ವಿಶ್ವನಾಥ ಗಲ್ಲಿಯಿಂದ ಊಟಕ್ಕೆ ಬಂದವರು, "ಯಾಕೆ ಸೀನ್ತಿದೀಯಾ?" ಎಂದು ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು. ಗೊತ್ತಿರುವುದಾದರೂ ಹೇಗೆ, ಇವರು ಬೆಳಗಿನಿಂದ ಅಲ್ಲಿ ಯಾತ್ರಿಕರ ಜೊತೆ ಇದ್ದರು.

ಹರಿಪ್ರಿಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮಂಚದಿಂದ ಮತ್ತೆ, "ಇಷ್ಟೆಲ್ಲ ಆದ್ರೂ ಸಿನಿಮಾದಲ್ಲಿ ಇವಳಿಲ್ಲ."

"ನೀವು ನೋಡಿದೀರಾ?"

"ನೋಡಿಲ್ಲ. ಆದ್ರೂ ಇಲ್ಲ."

"ಇದ್ರೆ?"

"ಇದ್ರೆ ಮೆಟ್ಟಿಲಿಳಿದು ಬಂದು ನೋಡ್ತೀನಿ," ಎಂದುಬಿಟ್ಟರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಆದರೆ ಹರಿಪ್ರಿಯಾ ಬಿಡುವವಳೇ? ಪಂದ್ಯ ಕಟ್ಟಿಸಿಯೇ ಬಿಟ್ಟಳು. ನಾನಿದ್ದರೆ ಇವರು ಇಳಿದು ಬರಬೇಕು. ನಾನಿಲ್ಲದಿದ್ದರೆ?

"ಇಲ್ದಿದ್ರೆ ನನ್ನನ್ನ ಯಾರೂ ಏಳು ಅನ್ನಬಾರದು. ಆ ಮಿಶ್ರಾನೂ ಈ ಬಾಗಿಲಿಗೆ ಬರಬಾರದು. ನನ್ನ ಪಾಡಿಗೆ ನನ್ನನ್ನ ಬಿಡಬೇಕು."

ಒಪ್ಪಿದೆ. ನಾನಿರುವುದು ನನಗೆ ಗೊತ್ತಲ್ಲ.

ನವೆಂಬರ್ 12, ಬುಧವಾರ

ನಾನು ನಿಜವಾಗಿಯೂ ಇದ್ದೇನೆಯೇ?

ನವೆಂಬರ್ 15, ಶನಿವಾರ

ಏಕಾದಶಿ. ಉಪವಾಸ. ಇವರೂ ಉಪವಾಸ, ಮಾತಿಗೂ ಸೇರಿಸಿ.

ನವೆಂಬರ್ 18, ಮಂಗಳವಾರ

ರೀಲು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಬೇರೆ ಘಾಟುಗಳ ದೃಶ್ಯಗಳು ಸರಿಯಾದ ಜಾಗದಲ್ಲಿ ಕೂತಿವೆಯೇ ಎಂದು ನೋಡಲು ಹಳಬರೊಬ್ಬರು ಬೇಕಂತೆ. ಹರಿಪ್ರಿಯಾ ನನ್ನನ್ನು ಅಸ್ಸಿಗೆ ಎಳೆದುಕೊಂಡು ಹೋದಳು. ನಲವತ್ತು ವರ್ಷದಲ್ಲಿ ಅಸ್ಸಿಗೆ ನಾನು ಹೋದದ್ದು ಎಂಟೋ ಹತ್ತೋ ಸಲ, ಅದೂ ಯಾರದೋ ಮದುವೆ ಮುಂಜಿಗೆ, ಇವರ ಹಿಂದೆ ಹಿಂದೆ.

ಫೋನು ಎತ್ತಿ ಹಿಡಿದೆ. ಹಿಂದಿ ಸಿನಿಮಾದ ನಾಯಕಿ ಹಸಿರು ಸೀರೆಯಲ್ಲಿ ಹಾಡುತ್ತ ಬಂದಳು. ಅದೇ ಹೊತ್ತಿಗೆ ನಿಜವಾದ ಎಮ್ಮೆಯೊಂದು ಅದೇ ಜಾಗದಲ್ಲಿ ಬಂದು ನಿಂತಿತು. ನಾಯಕಿ ಎಮ್ಮೆಯ ಹೊಟ್ಟೆಯೊಳಗೆ ಹೋಗಿ, ಒಂದು ಸಾಲು ಹಾಡಿ, ಬಾಲದ ಕಡೆಯಿಂದ ಹೊರಗೆ ಬಂದಳು. ಎಮ್ಮೆ ಸಗಣಿ ಹಾಕಿತು. ನಾನು ಮೆಟ್ಟಿಲ ಮೇಲೆ ಕೂತು ನಕ್ಕೆ. ಅಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ಆದರೆ ಆ ದೃಶ್ಯ ತಪ್ಪು ಜಾಗದಲ್ಲಿತ್ತು. ನಾಯಕಿಯ ಹಿಂದೆ ಕಾಣುವ ಅರಳಿಮರ ಆ ಕಡೆಯದು. ಹೇಳಿದೆ. ಆಫೀಸಿನವರು ಫೋನಿನಲ್ಲೇ ಏನೋ ಸರಿಸಿದರು, ಅರಳಿಮರಕ್ಕೆ ಅರಳಿಮರ ಕೂಡಿತು. "ಮಾತಾಜಿ, ಆಪ್ ತೋ ಕಮಾಲ್ ಹೈಂ," ಎಂದರು.

ಚಹಾ ತರಿಸಿದರು. ನಾನು ಹೊರಗಿನ ನೀರನ್ನೂ ಮುಟ್ಟುವವಳಲ್ಲ ಎಂದು ಕೈಮುಗಿದೆ. ಹರಿಪ್ರಿಯಾ ಕಣ್ಣು ಮೇಲೆತ್ತಿ ಎರಡೂ ಕುಡಿದಳು.

ನವೆಂಬರ್ 23, ಭಾನುವಾರ

ವಿಶ್ವನಾಥ ಗಲ್ಲಿಯಲ್ಲಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವಂತೆ. ಆ ಗಲ್ಲಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಬೇಕು. ಅಲ್ಲಿ ಯಾರು ಓಡಿದರೋ ದೇವರಿಗೇ ಗೊತ್ತು. ಫೋನಿನಲ್ಲಿ ಪೊಲೀಸಿನವನು ಬಳೆ ಅಂಗಡಿಯ ಮೂಲಕ ಓಡಿಹೋದ. ಅಂಗಡಿಯ ಸೇಠ್ ನಮ್ಮ ಫೋನಿನಲ್ಲಿ ಅದನ್ನು ನೋಡಿ, "ಅರೇ, ಬಳೆ ಒಡೀತು ಅಂದ್ರೆ ಯಾರು ಜವಾಬ್ದಾರಿ?" ಎಂದು ಹಿಂದಿಯಲ್ಲಿ ಗಟ್ಟಿಯಾಗಿ ಕೇಳಿ ತಾನೇ ನಕ್ಕ. ಜನ ಸೇರಿದರು. ಯಾವ ಸಿನಿಮಾ, ಯಾವಾಗಿನದು ಎಂದು ಕೇಳಿದವರಿಗೆಲ್ಲ ನಾನೇ ಹೇಳಿದೆ. ಕೆಂಪು ಸ್ವೆಟರಿನ ಕತೆಯನ್ನೂ ಹಿಂದಿಯಲ್ಲಿ ಹೇಳಿದೆ. ನನ್ನ ಹಿಂದಿಗೆ ಯಾರೂ ನಗಲಿಲ್ಲ, ಕತೆಗೆ ಮಾತ್ರ ನಕ್ಕರು.

ಚಹಾ ಕುಡಿದೆ. ಮಣ್ಣಿನ ಕುಲ್ಹಡ್, ಕುಡಿದ ಮೇಲೆ ಒಡೆದು ಬಿಸಾಡುವುದು. ಮಣ್ಣಿಗೇನು ಮೈಲಿಗೆ?

ಮನೆಗೆ ಬಂದು ಇವರಿಗೆ ಕೇಳಿಸುವ ಹಾಗೆ ಅಡುಗೆಮನೆಯಿಂದ ಗೋಡೆಗೆ ಎಲ್ಲ ಹೇಳಿದೆ. ಬಳೆ ಅಂಗಡಿಯ ಮಾತು ಬಂದಾಗ ನಿಲ್ಲಿಸಿದೆ.

"ಆಮೇಲೆ?" ಎಂದು ಮಂಚ ಕೇಳಿತು.

ನವೆಂಬರ್ 27, ಗುರುವಾರ

ಡಾಕ್ಟರ್ ಮಿಶ್ರಾ ಬಂದು ಕಾಲು ಮಡಚಿ ನೋಡಿದರು. ಹೋದ ಸಲಕ್ಕಿಂತ ಕಡಿಮೆ ಮಡಚುತ್ತದೆ. ಅವರು ರೇಗಿದರು, ಇವರು ಅವರಿಗಿಂತ ಗಟ್ಟಿಯಾಗಿ ರೇಗಿದರು. "ನನ್ನ ಕಾಲು, ನನ್ನಿಷ್ಟ. ಬದರಿ ಇದಾನೆ, ಯಾತ್ರಿಕರನ್ನ ಅವನು ನೋಡ್ಕೋತಾನೆ. ನಾನು ಇಳಿದು ಯಾರಿಗೇನು ಆಗ್ಬೇಕು?"

ನನಗಾಗಬೇಕು ಎಂದು ಹೇಳಬೇಕಿತ್ತು. ಗಂಟಲಲ್ಲೇ ಉಳಿಯಿತು. ದೇವರ ಮನೆಯಲ್ಲಿ ಕೂತು ಅತ್ತೆ. ಇನ್ನು ಮೂವತ್ತನಾಲ್ಕು ದಿನ.

ಡಿಸೆಂಬರ್ 2, ಮಂಗಳವಾರ

ರೀಲು ಸಿಕ್ಕಿತಂತೆ! ಇಡೀ ಸಿನಿಮಾ ಇಲ್ಲ, ಕೇದಾರ ಘಾಟಿನ ದೃಶ್ಯ ಮಾತ್ರ, ನಲವತ್ತೇಳು ಸೆಕೆಂಡು. ಹರಿಪ್ರಿಯಾ ಕಂಪ್ಯೂಟರಿನಲ್ಲಿ ತೋರಿಸುತ್ತೇನೆ ಎಂದಳು. ಬೇಡವೆಂದೆ. ನಾನು ಅದನ್ನು ನೋಡಿದರೆ ಆ ಮೆಟ್ಟಿಲ ಮೇಲೆಯೇ ನೋಡಬೇಕು, ಹನ್ನೊಂದು ಸಲ ಹತ್ತಿದ್ದು ಅಲ್ಲಿ. ಅವಳಿಗೂ ಹೇಳಿದೆ, ನೀನು ನೋಡಿದ್ದರೂ ಬಾಯಿ ಬಿಡಬೇಡ ಎಂದು.

"ಬಿಡೋಕೆ ಏನೂ ಇಲ್ಲ ದೊಡ್ಡಮ್ಮಾ. ಪುರಾನಾ ಪ್ರಿಂಟು, ಮುಖ ಎಲ್ಲ ಸಣ್ಣ ಸಣ್ಣ. ನಿಮ್ಮನ್ನ ಇಪ್ಪತ್ತು ವರ್ಷದವರಾಗಿ ನಾನು ಎಲ್ಲಿ ನೋಡಿದೀನಿ?"

ಇವರಿಗೆ ಸುದ್ದಿ ಹೇಳಿದೆ. ಖುಷಿಯಾಗುತ್ತಾರೋ ಕೋಪಿಸಿಕೊಳ್ಳುತ್ತಾರೋ ಎಂದಿದ್ದೆ. ಎರಡೂ ಇಲ್ಲ, ಬಿಳುಚಿಕೊಂಡರು. "ಅದು ಉಳಿದಿದೆಯಾ?" ಎಂದರು. ಸೋಲುವ ಭಯವಿರಬೇಕು.

ಅಸ್ಸಿಯಲ್ಲಿ ಎರಡು ಚಹಾ, ಒಂದು ಕಚೋರಿ. ಕಚೋರಿ ಬಿಸಿಯಾಗಿತ್ತು.

ಡಿಸೆಂಬರ್ 6, ಶನಿವಾರ

ಊಟವನ್ನೂ ಮಾಡದೆ ಬರೆಯಲು ಕೂತಿದ್ದೇನೆ. ಅಕ್ಷರ ಹೇಗೋ ಹಾಗೆ ಬರಲಿ.

ಬೆಳಿಗ್ಗೆ ಕೇದಾರ ಘಾಟಿಗೆ ಇಳಿದೆವು. ಕೆಂಪು ಬಿಳಿ ಪಟ್ಟೆಯ ಮೆಟ್ಟಿಲ ಮೇಲೆ ಚಳಿಯ ಬಿಸಿಲು. ಹರಿಪ್ರಿಯಾ ಫೋನು ಕೊಟ್ಟಳು. ದೃಶ್ಯ ಶುರುವಾಯಿತು. ಎಲ್ಲರೂ ಗಾಳಿಯಲ್ಲಿ! ನಾಯಕ, ಅವನ ಸುತ್ತ ಸೇರಿದ ಜನ, ಅಷ್ಟೂ ಮಂದಿ ನಮ್ಮ ತಲೆಯ ಮೇಲೆ ನೆಲವಿಲ್ಲದೆ ಓಡಾಡುತ್ತಿದ್ದರು. ಪಂಚೆಯ ಅಂಚು, ಅಂಗಾಲು ಬಿಟ್ಟರೆ ಏನೂ ಕಾಣದು.

"ಎಷ್ಟು ಕೆಳಗೆ ತರ್ಬೇಕು ದೊಡ್ಡಮ್ಮಾ? ಆಫೀಸಲ್ಲಿ ಅಂದಾಜಲ್ಲಿ ಕೂರಿಸಿದ್ದು."

ಅಂದಾಜು ಯಾಕೆ? ನಾನು ಮೆಟ್ಟಿಲ ನಡುವಿನ ಪುಟ್ಟ ಕೊಳ, ಗೌರಿ ಕುಂಡದ ಹತ್ತಿರ ಹೋಗಿ ನಿಂತು ಎಣಿಸುತ್ತ ಇಳಿದೆ. ಹನ್ನೊಂದು ಸಲ ಹತ್ತಿದ ಮೆಟ್ಟಿಲು, ಕಾಲಿಗೇ ಲೆಕ್ಕ ಗೊತ್ತಿತ್ತು. ಕೆಂಪು ಸ್ವೆಟರು ಕೈ ಹಿಡಿದದ್ದು ಹದಿನಾಲ್ಕನೇ ಮೆಟ್ಟಿಲು. ಕ್ಯಾಮೆರಾ ಅದರ ಎಡಕ್ಕೆ, ಹೊಳೆಗೆ ಬೆನ್ನು ಮಾಡಿ. ಹೇಳಿದ ಹಾಗೆ ಅವಳು ಸರಿಸಿದಳು. ಎಲ್ಲರೂ ನಿಧಾನವಾಗಿ ಇಳಿದು ಬಂದು ಮೆಟ್ಟಿಲ ಮೇಲೆ ಕಾಲೂರಿದರು.

ನೋಡಿದೆ. ಮೊದಲಿನಿಂದ ಕೊನೆಯವರೆಗೆ, ನಾಲ್ಕು ಸಲ.

ನಾನಿಲ್ಲ.

ನಾನು ಹತ್ತಿ ಬಂದ ಭಾಗವನ್ನು ಕತ್ತರಿಸಿದ್ದಾರೆ. ದೃಶ್ಯ ಶುರುವಾಗುವುದೇ ನಾಯಕ ಬಾಯಿ ತೆರೆದಾಗ. ಹನ್ನೊಂದು ಮುಳುಗು, ಮೂರು ದಿನದ ಜ್ವರ, ನಲವತ್ತು ವರ್ಷದ ಜಂಬ, ಎಲ್ಲ ಗಂಗೆ ಪಾಲು. ಆದರೆ ನನ್ನ ಎದೆ ಒಡೆದದ್ದು ಅದಕ್ಕಲ್ಲ. ಪಂದ್ಯ ಸೋತೆ, ಇನ್ನು ಇವರನ್ನು ಏಳಿ ಎನ್ನುವ ಹಕ್ಕಿಲ್ಲ ಎಂದು.

ಐದನೇ ಸಲ ಕಣ್ಣೊರೆಸಿಕೊಂಡು ನೋಡಿದೆ, ಸುಮ್ಮನೆ, ಜನ ಯಾರೆಂದು. ನಾಯಕ ಏನೋ ಉದ್ದುದ್ದ ಹೇಳುತ್ತಿದ್ದಾನೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಾರೆ. ಒಬ್ಬ ಮಾತ್ರ ನೋಡುತ್ತಿಲ್ಲ. ದೇವಸ್ಥಾನದ ಗೋಡೆಯ ಹತ್ತಿರ, ಅರ್ಧ ಮರೆಯಲ್ಲಿ ನಿಂತಿದ್ದಾನೆ. ತೆಳ್ಳಗೆ ಮೀಸೆ, ತಲೆ ತುಂಬ ಕೂದಲು. ಎರಡೂ ಕೈಯಲ್ಲಿ ಒಂದು ಗಮಛಾ, ಈ ಊರಿನವರ ಹೆಗಲ ಮೇಲೆ ಸದಾ ಇರುವ ಕೆಂಪು ಚೌಕಳಿಯ ಟವೆಲು. ಮಡಚಿ ಎದೆಗೆ ಒತ್ತಿ ಹಿಡಿದಿದ್ದಾನೆ. ನೋಡುತ್ತಿರುವುದು ನೀರಿನ ಕಡೆಗೆ, ಕ್ಯಾಮೆರಾಕ್ಕೆ ಕಾಣದ ಕಡೆಗೆ. ನಾನು ಮುಳುಗುತ್ತಿದ್ದ ಕಡೆಗೆ.

ಆ ಮೀಸೆ ನನಗೆ ಗೊತ್ತು. ಮದುವೆಯಾದ ಆರನೇ ತಿಂಗಳಿಗೆ ನಾನೇ ತೆಗೆಸಿದ್ದು.

ವಿಶ್ವನಾಥ ಗಲ್ಲಿಯಂತೆ! ಬೆಳಗಿನಿಂದ ಯಾತ್ರಿಕರ ಜೊತೆಯಂತೆ!

"ದೊಡ್ಡಮ್ಮಾ, ಕ್ಯಾ ಹುವಾ? ನೀವಿದೀರಾ?" ಎಂದು ಹರಿಪ್ರಿಯಾ ಕೇಳಿದಳು. ಇಲ್ಲವೆಂದೆ. ಉಳಿದದ್ದು ಅವಳಿಗೂ ಹೇಳಲಿಲ್ಲ.

ಡಿಸೆಂಬರ್ 7, ಭಾನುವಾರ

ಊಟ ಬಡಿಸಿ ಹೇಳಿದೆ, "ನೀವು ಗೆದ್ರಿ. ನಾನಿಲ್ಲ."

ಕುಣಿಯುತ್ತಾರೆ ಎಂದುಕೊಂಡಿದ್ದೆ. ತುತ್ತು ಕೈಯಲ್ಲೇ ನಿಂತಿತು. "ಇಲ್ವಾ?" ಎಂದರು. ನನಗಿಂತ ಅವರಿಗೇ ಬೇಜಾರಾದ ಹಾಗಿತ್ತು.

"ಇಲ್ಲ. ಕತ್ತರಿಸಿದಾರೆ. ಮಾತು ಮಾತೇ, ಇನ್ನು ಮಿಶ್ರಾ ಅವರಿಗೆ ಬರಬೇಡಿ ಅಂತ ಹೇಳ್ತೀನಿ."

ಸುಳ್ಳು ಹೇಳಬಹುದಿತ್ತು. ಇದ್ದೇನೆ, ಬಂದು ನೋಡಿ ಎಂದಿದ್ದರೆ ಇಳಿದು ಬರುತ್ತಿದ್ದರೋ ಏನೋ. ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಆದರೆ ಗಮಛಾ ಹಿಡಿದು ನಿಂತ ಆ ಮುಖವನ್ನು ನೋಡಿ ಬಂದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಒಂದೇ ಒಂದು ಮಾತು ಕೇಳಿದೆ.

"ಅವತ್ತು ನೀವೆಲ್ಲಿದ್ರಿ?"

"ವಿಶ್ವನಾಥ ಗಲ್ಲೀಲಿ," ಎಂದರು. ಪ್ರಶ್ನೆ ಮುಗಿಯುವ ಮೊದಲೇ.

ಸಾರು ಬಡಿಸಿದೆ.

ಡಿಸೆಂಬರ್ 10, ಬುಧವಾರ

ಮಂಚ ತಿರುಗಿದೆ. ಕಿಟಕಿಗೆ ಮುಖ. ನಾನು ತಿರುಗಿಸಲಿಲ್ಲ, ಬದರಿಯೂ ತಿರುಗಿಸಿಲ್ಲವಂತೆ. ಅಂದರೆ ಇವರೇ ಎದ್ದು ನಿಂತು ಎಳೆದಿದ್ದಾರೆ.

"ಅದರಲ್ಲಿ ಯಾರ್ಯಾರು ಕಾಣ್ತಾರೆ?" ಎಂದು ಕಿಟಕಿಯನ್ನು ಕೇಳಿದರು.

"ಹೀರೋ. ಜನ. ಗೋಡೆ ಹತ್ರ ಒಬ್ಬ ಮೀಸೆಯವನು ಗಮಛಾ ಹಿಡಿದು ನಿಂತಿದಾನೆ. ಯಾರೋ ಗೊತ್ತಿಲ್ಲ. ನೋಡೋಕೆ ಪರವಾಗಿಲ್ಲ."

ಬಹಳ ಹೊತ್ತು ಕೆಮ್ಮಿದರು. ನೀರು ಕೊಟ್ಟೆ.

"ಪರವಾಗಿಲ್ಲ ಅಂದ್ರೆ?"

"ಅಂದ್ರೆ ಪರವಾಗಿಲ್ಲ. ಭಾನುವಾರ ಎಲ್ಲರಿಗೂ ತೋರಿಸ್ತಾರಂತೆ. ನೀವು ಗೆದ್ದವರು, ನೀವು ಬರೋ ಹಾಗಿಲ್ಲ."

ಡಿಸೆಂಬರ್ 14, ಭಾನುವಾರ

ಹತ್ತು ಗಂಟೆಗೆ ಘಾಟಿನಲ್ಲಿ ಮೂವತ್ತು ಜನ ಸೇರಿದ್ದರು. ಹರಿಪ್ರಿಯಾಳ ಆಫೀಸಿನವರು, ವಿದ್ಯಾರ್ಥಿಗಳು, ಬಳೆ ಅಂಗಡಿಯ ಸೇಠ್, ದಾವಣಗೆರೆಯ ಕೆಲವು ಯಾತ್ರಿಕರು. ಎಲ್ಲರೂ ಫೋನು ಎತ್ತಿ ಹಿಡಿದು ನಿಂತಿದ್ದರು. ನಾನು ಹದಿನಾಲ್ಕನೇ ಮೆಟ್ಟಿಲ ಮೇಲೆ ನಿಂತು ಹನ್ನೊಂದು ಮುಳುಗಿನ ಕತೆಯನ್ನು ಒಂದು ಸಲ ಹಿಂದಿಯಲ್ಲಿ, ಒಂದು ಸಲ ಕನ್ನಡದಲ್ಲಿ ಹೇಳಿದೆ. ಏಳನೇ ಮುಳುಗಿಗೆ ಬಂದಿದ್ದೆ. ಅಷ್ಟರಲ್ಲಿ ಮೇಲಿನಿಂದ ಒಂದು ದನಿ ಕೇಳಿಸಿತು.

"ಸಂಭಾಲ್ ಕೇ, ಕಾಯೀ ಹೈ. ಜೋಪಾನ, ಪಾಚಿ ಇದೆ."

ತಿರುಗಿ ನೋಡಿದೆ. ಒಂದು ಕೈ ಬದರಿಯ ಹೆಗಲ ಮೇಲೆ, ಇನ್ನೊಂದರಲ್ಲಿ ಕೋಲು. ಒಂದು ಮೆಟ್ಟಿಲಿಗೆ ಎರಡು ಕಾಲನ್ನೂ ಇಟ್ಟು, ನಿಂತು, ಉಸಿರು ಎಳೆದು, ಮತ್ತೆ ಒಂದು ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಅಲ್ಲಿದ್ದವರಿಗೆ ಎಚ್ಚರಿಕೆ. ಹಣೆಯ ಮೇಲೆ ಆ ಚಳಿಯಲ್ಲೂ ಬೆವರು. ಯಾರೂ ನಗಲಿಲ್ಲ. ನಾನು ಕತೆ ನಿಲ್ಲಿಸಿದೆ. ಓಡಿ ಹೋಗಿ ಹಿಡಿಯಬೇಕೆನಿಸಿತು. ಹಿಡಿದರೆ ಅವರಿಗೆ ಹಿಡಿಸದು ಎಂದು ಹಲ್ಲು ಕಚ್ಚಿ ನಿಂತೆ.

ಬಂದರು. ಎಲ್ಲಿ ಎಂದು ನಾನು ಹೇಳಲೂ ಇಲ್ಲ, ನೇರ ಆ ಗೋಡೆಯ ಹತ್ತಿರ ಹೋಗಿ ನಿಂತರು.

ಫೋನು ಎತ್ತಿದೆ. "ಒಂಚೂರು ಬಲಕ್ಕೆ," ಎಂದೆ. ಸರಿದರು. ಈಗ ಫೋನಿನಲ್ಲಿ ಇಬ್ಬರು, ಮೀಸೆಯವನು ಮತ್ತು ಇವರು, ಪಕ್ಕ ಪಕ್ಕ. ಇವರ ಹೆಗಲ ಮೇಲೂ ಒಂದು ಗಮಛಾ. ಮೀಸೆಯವನು ನೀರಿನ ಕಡೆ ನೋಡುತ್ತಿದ್ದ. ಇವರು ನನ್ನನ್ನು ನೋಡುತ್ತಿದ್ದರು.

"ಅಯ್ಯೋ, ದೊಡ್ಡಪ್ಪಾ!" ಎಂದು ಹರಿಪ್ರಿಯಾ ಕಿರುಚಿದಳು.

"ಯಾಕ್ರೀ ಹೇಳ್ಲಿಲ್ಲ?" ಎಂದೆ.

"ಅಪ್ಪನಿಗೆ ಗಲ್ಲಿಗೆ ಹೋಗ್ತೀನಿ ಅಂದಿದ್ದೆ. ಹೆಂಡತಿನ ನೋಡ್ಕೊಂಡು ನಿಂತಿದ್ದ ಅಂತ ಗೊತ್ತಾದ್ರೆ ಘಾಟ್ ಪೂರ್ತಿ ಆಡ್ಕೊಳ್ತಿದ್ರು. ಆಮೇಲೆ ಹೇಳೋಣ ಅಂದ್ಕೊಂಡೆ. ತಡವಾಯ್ತು."

"ನಲವತ್ತು ವರ್ಷ?"

"ಹೂಂ. ಸ್ವಲ್ಪ ಜಾಸ್ತೀನೇ ತಡವಾಯ್ತು."

"ಮತ್ತೆ ಆ ಗಮಛಾ?"

"ನೀನು ನಡುಗ್ತಿದ್ದೆ. ಕೊಡೋಣ ಅಂತ ಓಡಿ ತಂದೆ. ತಂದ ಮೇಲೆ ನೆನಪಾಯ್ತು, ಅದು ಮಡಿಯದ್ದಲ್ಲ. ಕೊಟ್ಟಿದ್ರೆ ನೀನು ಹನ್ನೆರಡನೇ ಸಲ ಮುಳುಗಬೇಕಾಗ್ತಿತ್ತು. ಅದಕ್ಕೇ ಹಿಡ್ಕೊಂಡು ನಿಂತೆ."

ಮೂವತ್ತು ಜನ ನೋಡುತ್ತಿದ್ದರು. ಗಂಟಲಲ್ಲಿ ಹದಿನೇಳು ದಿನದಿಂದ ಉಳಿದಿದ್ದ ಮಾತನ್ನು ಹೇಳಿದೆ. "ನೀವು ಇಳಿದು ಬಂದದ್ದು ನನಗೆ ಬೇಕಾಗಿತ್ತು," ಎಂದೆ. ಫೋನನ್ನು ಹರಿಪ್ರಿಯಾಳ ಕೈಗಿಟ್ಟು, ಮೀಸೆಯವನು ಎಲ್ಲಿ ನೋಡುತ್ತಿದ್ದನೋ ಅಲ್ಲಿಗೆ ಇಳಿದು ಹೋದೆ. ನೀರು ಆಗಿನಷ್ಟೇ ತಣ್ಣಗಿತ್ತು. ಮೂಗು ಹಿಡಿದು ಮುಳುಗಿದೆ.

ಎದ್ದಾಗ ಇವರು ಕೆಳಗಿನ ಮೆಟ್ಟಿಲವರೆಗೂ ಬಂದಿದ್ದರು. ಬದರಿ ಹಿಂದೆ ನಿಂತಿದ್ದ, ಹಿಡಿದಿರಲಿಲ್ಲ. ಕೈ ಚಾಚಿ ಗಮಛಾ ಕೊಟ್ಟರು. ತೆಗೆದುಕೊಂಡು ತಲೆ ಒರೆಸಿಕೊಂಡೆ.

ಹತ್ತುವಾಗ ನಾನೇ ಮೊಣಕೈ ಕೊಟ್ಟೆ. ಹಿಡಿದುಕೊಂಡರು. ಅಲ್ಲಲ್ಲಿ ಕೂತು ಕೂತು ಹತ್ತಲು ಒಂದು ಗಂಟೆ ಹಿಡಿಯಿತು. ನಾಳೆ ಮಿಶ್ರಾ ಅವರಿಗೆ ಫೋನು ಮಾಡಬೇಕು. ಮುಂದಿನ ಭಾನುವಾರ ಅಸ್ಸಿಯಲ್ಲಿ ಕತೆ ಹೇಳಲು ಬರುತ್ತೀರಾ ಎಂದು ಆಫೀಸಿನವರು ಕೇಳಿದ್ದಾರೆ, ಇವರಿಗೆ ಅಲ್ಲಿಯ ಕಚೋರಿ ತಿನ್ನಿಸಬೇಕು.

ಸೀನು ಶುರುವಾಗಿದೆ. ಇದನ್ನು ಬರೆಯುವಷ್ಟರಲ್ಲಿ ಒಂಬತ್ತು ಸಲ ಸೀನಿದೆ. ಇವರು ಅಡುಗೆಮನೆಯಲ್ಲಿ ಕೋಲನ್ನು ಒಲೆಯ ಪಕ್ಕ ಒರಗಿಸಿ ನಿಂತುಕೊಂಡೇ ಶುಂಠಿ ಕಷಾಯ ಕುದಿಸುತ್ತಿದ್ದಾರೆ. ಯಾಕೆ ಸೀನ್ತಿದೀಯಾ ಎಂದು ಈ ಸಲ ಕೇಳಲಿಲ್ಲ.